ಮರ ಹತ್ತುವವರಿಗೆ, ಮರ ಹತ್ತಿಸುವವರಿಗೆ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ತೋಟದ ಯಜಮಾನರಿಗೆ, ಹೊಲದ ಬದುವಿನಲ್ಲಿ ನಾಲ್ಕು ಮರ ಉಳಿಸಿಕೊಂಡಿರುವ ರೈತ ಬಂಧುಗಳಿಗೆ, ಮರಗಸಿ ಕೆಲಸಕ್ಕೆ ಹೋಗುವ ಅಣ್ಣತಮ್ಮಂದಿರಿಗೆ, ಮೇಕೆಗೆ ಸೊಪ್ಪು ಕಡಿಯುವವರಿಗೆ, ರಸ್ತೆಬದಿಯ ಕೊಂಬೆ ಸವರುವವರಿಗೆ,



ಮಳೆಗಾಲ ಹತ್ತಿರ ಬಂತು. ನಿಮ್ಮಲ್ಲಿ ಕೆಲವರು ಮಚ್ಚು ಮಸೆಯುತ್ತಿರುತ್ತೀರಿ, ಕೆಲವರು ಆಳು ಗೊತ್ತುಮಾಡುತ್ತಿರುತ್ತೀರಿ. ಕೆಲಸಕ್ಕೆ ಇಳಿಯುವ ಮುಂಚೆ ಹತ್ತು ನಿಮಿಷ ಈ ಕಾಗದಕ್ಕೆ ಕೊಡಿ. ಮರ ಮುಟ್ಟಬೇಡಿ ಎಂದು ಉಪದೇಶ ಮಾಡಲು ನಾನು ಕೂತಿಲ್ಲ. ಮರಗಸಿ ಆಗದಿದ್ದರೆ ಕಾಫಿಗೆ ಬೆಳಕು ಬೀಳುವುದಿಲ್ಲ, ಸೊಪ್ಪು ಸಿಗದಿದ್ದರೆ ಬೇಸಿಗೆಯಲ್ಲಿ ಮೇಕೆ ಸಾಕಲಾಗುವುದಿಲ್ಲ, ಕೊಂಬೆ ತಂತಿಗೆ ತಾಗಿದರೆ ಊರಿಗೇ ಕತ್ತಲೆ. ಇದೆಲ್ಲ ನನಗೂ ಗೊತ್ತು. ನನ್ನ ಕೋರಿಕೆ ಇರುವುದು ಮರದ ಮೇಲೆ ಬಿಡಾರ ಹೂಡಿರುವ ಒಂದು ಸಣ್ಣ ಸಂಸಾರದ ಬಗ್ಗೆ. ಅದು ಏಟು ತಿನ್ನುತ್ತಿರುವುದು ತಾನು ಮಾಡಿದ ತಪ್ಪಿಗಲ್ಲ, ನಾವು ಕೊಟ್ಟ ತಪ್ಪು ಹೆಸರಿಗೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ನಮ್ಮ ಹೊಲದ ಮೂಲೆಯಲ್ಲಿ ತಾತನ ಕಾಲದ ಒಂದು ಮಾವಿನಮರ. ಕೆಲವು ವರ್ಷಗಳ ಹಿಂದೆ ಅದರ ಕಾಯಿ ಕಡಿಮೆಯಾಯಿತು. ಮರದ ತುಂಬ ಬಂದಣಿಕೆ ಬಿದ್ದಿದೆ, ಅದು ರಸ ಹೀರುತ್ತಿದೆ ಎಂದು ಯಾರೋ ಅಂದರು, ನಾನು ನಂಬಿದೆ. ನಮ್ಮೂರಿನಲ್ಲಿ ಮರ ಹತ್ತುವುದರಲ್ಲಿ ಪಳಗಿದ ಒಬ್ಬರನ್ನು ಕರೆಸಿದೆ. ಅವರು ಅರ್ಧ ಮರ ಹತ್ತಿ, ದಪ್ಪ ಕೊಂಬೆಯ ಮೇಲೆ ಕುಳಿತು, ಕೆಳಗೆ ನಿಂತಿದ್ದ ನನ್ನನ್ನು ಕೇಳಿದರು: ‘ಮೇಷ್ಟ್ರೇ, ಇದರ ಬೇರು ಮರದೊಳಕ್ಕೆ ಇಳಿದೇ ಇಲ್ಲವಲ್ಲ, ಮೇಲೇ ಹರಿದಾಡಿದೆ. ಇದನ್ನೂ ಕೀಳಬೇಕಾ?’ ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಮೇಲೆ ನೋಡದೆಯೇ ‘ಎಲ್ಲ ಕಿತ್ತುಹಾಕಪ್ಪ, ಒಂದೂ ಬಿಡಬೇಡ’ ಅಂದೆ. ಅವರು ಮರುಮಾತಾಡಲಿಲ್ಲ. ಸಂಜೆಯ ಹೊತ್ತಿಗೆ ಮರದಡಿ ಎರಡು ಮಂಕರಿ ತುಂಬುವಷ್ಟು ಗಿಡ ಬಿದ್ದಿತ್ತು. ಬಾಗಿದ ದಪ್ಪ ಎಲೆ, ಬಿಳಿ ಹಗ್ಗದಂಥ ಬೇರು. ಒಂದೆರಡರಲ್ಲಿ ಕಂದು ಚೌಕುಳಿಯ ಹೂವೂ ಇತ್ತು. ಹತ್ತಿರ ಹೋದಾಗ ಪರಿಮಳ ಬಂತು. ಆಗಲೂ ನನಗೆ ಹೊಳೆಯಲಿಲ್ಲ.

ತುತ್ತತುದಿಯಲ್ಲಿ ಕೆಂಪು ಕೊಳವೆಯಂಥ ಹೂ ಬಿಟ್ಟು, ಹಸಿರಾಗಿ ಮೆರೆಯುತ್ತಿದ್ದ ಒಂದು ಪೊದೆಯನ್ನು ಮಾತ್ರ ಬಿಟ್ಟುಬಿಡಿ ಎಂದಿದ್ದೆ, ನೋಡಲು ಚೆನ್ನಾಗಿದೆ ಅಂತ. ನಿಜವಾದ ಬಂದಣಿಕೆ ಅದೇ ಆಗಿತ್ತು. ಮನೆಗೆ ಕನ್ನ ಹಾಕುತ್ತಿದ್ದವನಿಗೆ ಮಣೆ ಹಾಕಿ, ಜಗಲಿಯಲ್ಲಿ ತಂಗಿದ್ದವರನ್ನು ಓಡಿಸಿದ್ದೆ. ಮರುವರ್ಷ ಮಾವು ಹೆಚ್ಚಲಿಲ್ಲ, ಬಂದಣಿಕೆ ಹೆಚ್ಚಿತು.

ಆಮೇಲೆ ಪುಸ್ತಕ ತೆಗೆದು ನೋಡಿದೆ. ನಾನು ಕೀಳಿಸಿದ್ದು ಸೀತಾಳೆಯ ಕುಲದ ಗಿಡ. ನಗರದವರು ಆರ್ಕಿಡ್ ಎಂದು ಕರೆದು, ಕುಂಡಕ್ಕೆ ನೂರಾರು ರೂಪಾಯಿ ಕೊಟ್ಟು ತರುವ ಕುಲವೇ ಇದು. ವಿಜ್ಞಾನಿಗಳು ಇದಕ್ಕಿಟ್ಟ ಹೆಸರು ವಾಂಡಾ ಟೆಸೆಲಾಟಾ. ಈ ಹೆಸರಿನಲ್ಲೂ ಒಂದು ಅನ್ಯಾಯ ಇದೆ. ವಂದಾ ಎಂಬುದು ಮರದ ಮೇಲೆ ಬೆಳೆಯುವ ಪರಜೀವಿ ಗಿಡಕ್ಕೆ ಸಂಸ್ಕೃತದಲ್ಲಿದ್ದ ಮಾತು. ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ 18ನೇ ಶತಮಾನದ ಕೊನೆಯಲ್ಲಿ ಈ ಗಿಡವನ್ನು ವರ್ಣಿಸುವಾಗ ಆ ಮಾತನ್ನೇ ಬಳಸಿದರು, ಅದೇ ಜಗತ್ತಿಗೆಲ್ಲ ಹರಡಿತು. ಹೀಗೆ ನಮ್ಮ ಊರಿನ ಬೈಗುಳವೂ ಲ್ಯಾಟಿನ್ ಹೆಸರೂ ಸೇರಿ ಒಂದು ನಿರಪರಾಧಿ ಗಿಡದ ಮೇಲೆ ಕಳ್ಳನೆಂಬ ಹಣೆಪಟ್ಟಿ ಹಚ್ಚಿದವು.

ಯಜಮಾನರೇ, ಅಣ್ಣಂದಿರೇ, ಇವೆರಡರ ವ್ಯತ್ಯಾಸ ತಿಳಿಯಲು ಓದು ಬೇಕಿಲ್ಲ. ಬಂದಣಿಕೆ ಮರಕ್ಕೆ ಸೇರಿದ ಜಾಗದಲ್ಲಿ ಕೊಂಬೆ ಗಂಟುಕಟ್ಟಿ ಊದಿಕೊಂಡಿರುತ್ತದೆ. ಅದು ತೊಗಟೆ ಸೀಳಿ ಒಳಗಿನ ನೀರಿಗೆ ಬಾಯಿ ಹಾಕುತ್ತದೆ. ಅದರ ಅಂಟು ಹಣ್ಣನ್ನು ಪುಟ್ಟ ಹಕ್ಕಿಗಳು ತಿಂದು ಬೀಜವನ್ನು ಇನ್ನೊಂದು ಕೊಂಬೆಗೆ ಅಂಟಿಸುತ್ತವೆ. ಅದನ್ನು ಧಾರಾಳವಾಗಿ ತೆಗೆಯಿರಿ. ಬರೀ ಎಲೆ ಸವರಿದರೆ ಮತ್ತೆ ಚಿಗುರುತ್ತದೆ, ಗಂಟಿನಿಂದ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಸೀತಾಳೆ ಜಾತಿಯ ಬೇರು ಹಾಗಲ್ಲ. ತೊಗಟೆಯನ್ನು ಹಿಡಿದುಕೊಂಡಿರುತ್ತದೆ ಅಷ್ಟೆ, ಒಳಗೆ ಇಳಿಯುವುದಿಲ್ಲ. ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಹೊದಿಕೆ ಇದೆ. ಮಳೆಹನಿ, ಇಬ್ಬನಿ, ತೊಗಟೆಯ ಸಂದಿನ ಧೂಳು, ಕೊಳೆತ ಎಲೆ, ಇಷ್ಟರಲ್ಲೇ ಅದರ ಸಂಸಾರ ನಡೆಯುತ್ತದೆ. ನಂಬಿಕೆ ಬಾರದಿದ್ದರೆ ಒಣಗಿದ ಬಿಳಿ ಬೇರಿನ ಮೇಲೆ ಒಂದು ಚಮಚ ನೀರು ಹಾಕಿ ನೋಡಿ. ಕಣ್ಣೆದುರೇ ನೀರು ಹೀರಿ ಹಸಿರಾಗುತ್ತದೆ. ಆ ಬೇರೂ ಎಲೆಯ ಹಾಗೆ ಬಿಸಿಲಿನಲ್ಲಿ ತನ್ನ ಅನ್ನ ತಾನೇ ಬೇಯಿಸಿಕೊಳ್ಳಬಲ್ಲದು.

ಇನ್ನೊಂದು ಜಾಣತನವೂ ಇದಕ್ಕಿದೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರ ತೆರೆದು ಗಾಳಿ ಒಳಗೆಳೆದುಕೊಳ್ಳುತ್ತವೆ, ಆಗ ನೀರೂ ಆವಿಯಾಗಿ ಹೋಗುತ್ತದೆ. ಒಣ ಸೀಮೆಯ ಇಂಥ ದಪ್ಪ ಎಲೆಯ ಆರ್ಕಿಡ್‌ಗಳು ಕಳ್ಳಿ, ಅನಾನಸ್ ಗಿಡಗಳಂತೆ ರಾತ್ರಿ ತಂಪಿನಲ್ಲಿ ಬಾಗಿಲು ತೆರೆದು, ಹಗಲು ಮುಚ್ಚಿಕೊಳ್ಳುತ್ತವೆ. ಮತ್ತೆ ಮತ್ತೆ ಬರಪೀಡಿತ ಪಟ್ಟಿ ಸೇರುವ ಕಡೂರಿನವರಿಗೆ ನೀರು ಉಳಿಸುವ ವಿದ್ಯೆಯ ಬೆಲೆ ನಾನು ಹೇಳಬೇಕಾಗಿಲ್ಲ.

ಜಗತ್ತಿನಲ್ಲಿ ಸುಮಾರು 28,000 ಬಗೆಯ ಆರ್ಕಿಡ್‌ಗಳಿವೆ ಎಂದು ಲೆಕ್ಕ. ಅವುಗಳಲ್ಲಿ ಹತ್ತರಲ್ಲಿ ಏಳರಷ್ಟು ಮರದ ಮೇಲಿನ ವಾಸಿಗಳು. ಭಾರತೀಯ ಸಸ್ಯಶಾಸ್ತ್ರೀಯ ಸರ್ವೇಕ್ಷಣೆ 2019ರಲ್ಲಿ ಹೊರತಂದ ಸಚಿತ್ರ ಪಟ್ಟಿಯಲ್ಲಿ ನಮ್ಮ ದೇಶದವು 1,256. ನಮ್ಮ ಜಿಲ್ಲೆಯ ಗಿಡಮರಗಳನ್ನೇ ಕುರಿತು ಯೋಗನರಸಿಂಹನ್, ಸುಬ್ರಹ್ಮಣ್ಯಂ, ರಾಝಿ ಅವರು 1980ರ ದಶಕದ ಆರಂಭದಲ್ಲಿ ಒಂದು ದೊಡ್ಡ ಗ್ರಂಥ ಬರೆದರು. ಆದರೆ ಪುಸ್ತಕ ಗ್ರಂಥಾಲಯದಲ್ಲಿದೆ, ಗಿಡ ನಿಮ್ಮ ಕೈಯಳತೆಯಲ್ಲಿದೆ. ಅದಕ್ಕೇ ಈ ಪತ್ರ ಸಸ್ಯಶಾಸ್ತ್ರಜ್ಞರಿಗಲ್ಲ, ನಿಮಗೆ.

ನಮ್ಮ ಮೂರು ತಾಲ್ಲೂಕು ಒಂದು ಏಣಿ ಇದ್ದ ಹಾಗೆ. ಕೆಳಗಿನ ಮೆಟ್ಟಿಲಲ್ಲಿ ಅಜ್ಜಂಪುರದ ಅಮೃತ್ ಮಹಲ್ ಕಾವಲುಗಳು, ಕಡೂರಿನ ತೆಂಗಿನ ಸೀಮೆ, ಬಾಸೂರು ಕಾವಲಿನ ಕೃಷ್ಣಮೃಗ. ನಡುಮೆಟ್ಟಿಲಲ್ಲಿ ಎಮ್ಮೆದೊಡ್ಡಿ, ಮದಗದ ಕೆರೆ, ಸಖರಾಯಪಟ್ಟಣದ ಅಯ್ಯನಕೆರೆ. ಮೇಲಿನ ಮೆಟ್ಟಿಲಲ್ಲಿ ಹೊಗರೆಕಾನು, ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ. ಒಂದು ಬೆಳಗಿನ ಪಯಣದಲ್ಲೇ ಜಾಲಿಯ ನೆರಳಿನಿಂದ ಪಾಚಿ ಕಟ್ಟಿದ ಬಂಡೆಗೆ ತಲುಪುವ ಇಂಥ ನಾಡು ಎಲ್ಲ ಕಡೆ ಸಿಗದು. ಸೀತಾಳೆಯ ಕುಲವೂ ಈ ಏಣಿಯ ಮೇಲೆ ತನ್ನ ತನ್ನ ಮೆಟ್ಟಿಲು ಹಿಡಿದು ಕೂತಿದೆ.

ಬಯಲಿನ ಕಡೆ ನಿಮಗೆ ಕಾಣುವುದು ಹೆಚ್ಚಾಗಿ ನಾನು ಕೀಳಿಸಿದ ವಾಂಡಾ. ಮಾವು, ಹುಣಸೆ, ಬೇವು, ಕೆರೆ ಏರಿಯ ಆಲ, ಎಲ್ಲಿ ಹಳೆಯ ಒರಟು ತೊಗಟೆ ಇದೆಯೋ ಅಲ್ಲಿ. ಅದರ ನಂಟ ಅಕಾಂಪೆಗೆ ಚರ್ಮದಂಥ ಎಲೆ, ಹಳದಿ ಮೇಲೆ ಕೆಂಗಂದು ಪಟ್ಟೆಯ ಸಣ್ಣ ಹೂಗೊಂಚಲು. ಅದು ಮರದ ಮೇಲೂ ಇರಬಲ್ಲದು, ಸುಡುವ ಬಂಡೆಯ ಮೇಲೂ ಇರಬಲ್ಲದು. ಗಿರಿಯ ಕಡೆ ಏರಿದಂತೆ ಸೀತಾಳೆ ದಂಡೆ. ಮುಂಗಾರಿನ ಹೊತ್ತಿಗೆ ನರಿಬಾಲದ ಹಾಗೆ ಜೋತುಬೀಳುವ ಬಿಳಿ ನೇರಳೆ ಹೂವಿನ ಗೊನೆ. ಸೀತಮ್ಮ ಮುಡಿದಳೆಂದು ನಮ್ಮ ಹೆಂಗಸರು ದಂಡೆ ಎಂದರು. ಇದೇ ಹೂವನ್ನು ಅಸ್ಸಾಮಿನ ಹುಡುಗಿಯರು ಬಿಹು ಕುಣಿತಕ್ಕೆ ಮುಡಿಯುತ್ತಾರೆ, ಅದು ಅಲ್ಲಿ ರಾಜ್ಯಪುಷ್ಪ. ಅಲ್ಲಿ ರಾಜ್ಯದ ಗೌರವ, ಇಲ್ಲಿ ಮಚ್ಚಿನ ಏಟು.

ಇನ್ನು ಕೆಲವು ಇವೆ, ಬೇಸಿಗೆಯಲ್ಲಿ ಎಲೆಯನ್ನೆಲ್ಲ ಉದುರಿಸಿ ಸತ್ತಂತೆ ಕಾಣುವವು. ಘಟ್ಟದ ಕೆಲವು ಡೆಂಡ್ರೋಬಿಯಂ ಆರ್ಕಿಡ್‌ಗಳು ಆಗ ಬರೀ ಒಣಕಡ್ಡಿಯ ಕಟ್ಟು. ಆ ಬೋಳು ಕಡ್ಡಿಯ ತುದಿಯಲ್ಲೇ ಬಿಳಿ ಹೂ ಅರಳುತ್ತದೆ. ಪೋರ್ಪ್ಯಾಕ್ಸ್ ಎಂಬ ಪುಟ್ಟ ಕುಟುಂಬವಂತೂ ಪಾಚಿಯ ನಡುವೆ ಅಂಗಿಯ ಗುಂಡಿ ಸಾಲಾಗಿ ಹೊಲಿದಿಟ್ಟ ಹಾಗೆ. ಚಪ್ಪಟೆ ಗಡ್ಡೆ, ಮೇಲೆ ಬಲೆಯಂಥ ಹೊದಿಕೆ. ಮಳೆ ಬಿದ್ದ ಮೇಲೆ ಎರಡು ಎಲೆ, ಅವುಗಳ ನಡುವೆ ಅಡಗಿದ ಒಂದು ಕೆಂಗಂದು ಹೂ. ಇವುಗಳಲ್ಲಿ ಪಶ್ಚಿಮಘಟ್ಟ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲದ ಜಾತಿಯೂ ಇದೆ. ಬಂಡೆಯ ಮೇಲೆ ಕಾಲಿಟ್ಟವರು ಪಾಚಿ ಎಂದುಕೊಂಡು ಜಾರಿ ಹೋಗುತ್ತಾರೆ, ಅದು ಗಿಡ ಎಂದು ತಿಳಿಯುವವರು ಕಡಿಮೆ.

ಕಿತ್ತರೆ ಏನಾಯಿತು, ಮತ್ತೆ ಹುಟ್ಟುತ್ತದಲ್ಲ ಎಂದು ನೀವು ಕೇಳಬಹುದು. ಬೈಕ್ ನಿಲ್ಲಿಸಿ ಒಂದು ಗೊಂಚಲು ಎಳೆದುಕೊಂಡು ಹೋಗುವ ಹುಡುಗನೊಬ್ಬ ನನ್ನನ್ನು ಹಾಗೆಯೇ ಕೇಳಿದ್ದ. ಆರ್ಕಿಡ್‌ನ ಒಂದು ಕಾಯಲ್ಲಿ ಬೀಜ ಸಾವಿರಗಟ್ಟಲೆ, ಕೆಲವಲ್ಲಿ ಲಕ್ಷಗಟ್ಟಲೆ ಇರುತ್ತವೆ. ಹಿಟ್ಟಿನಷ್ಟು ಸಣ್ಣ, ಊದಿದರೆ ಹಾರಿಹೋಗುವಷ್ಟು ಹಗುರ. ಆದರೆ ರಾಗಿಯಲ್ಲಿ, ಅವರೆಯಲ್ಲಿ ತಾಯಿ ಗಿಡ ಮೊಳಕೆಗೆ ಕಟ್ಟಿಕೊಡುವ ಬುತ್ತಿ ಇದಕ್ಕಿಲ್ಲ. ಬರಿಗೈಯಲ್ಲಿ ಮನೆಬಿಟ್ಟ ಬೀಜ ಅದು. ತೊಗಟೆಯಲ್ಲಿ ಅದಕ್ಕೆ ಹೊಂದುವ ಬೂಷ್ಟು ಇದ್ದು, ಅದು ಅನ್ನ ಕೊಟ್ಟರೆ ಮಾತ್ರ ಮೊಳಕೆ. ಫ್ರಾನ್ಸಿನ ನೋಯೆಲ್ ಬರ್ನಾರ್ ಈ ಗುಟ್ಟನ್ನು ಕಂಡುಹಿಡಿದದ್ದು 1899ರಲ್ಲಿ. ಲಕ್ಷ ಬೀಜದಲ್ಲಿ ಒಂದೆರಡು ನೆಲೆ ಕಂಡರೆ ದೊಡ್ಡದು, ಅದು ಹೂ ಬಿಡಲು ಮತ್ತೆ ಹಲವು ವರ್ಷ. ನಾನು ಒಂದು ಸಂಜೆಯಲ್ಲಿ ಕೆಳಗೆ ಬೀಳಿಸಿದ್ದು ನಮ್ಮ ತಾತ ಮಾವು ನೆಟ್ಟಂದಿನಿಂದ ಆ ತೊಗಟೆಯ ಮೇಲೆ ನಿಧಾನವಾಗಿ ಕೂಡಿದ ಗಳಿಕೆ.

ಹಳೆಯ ಮರವೇ ಇದರ ಮನೆ ಎಂಬುದು ಇದರಿಂದ ತಿಳಿಯುತ್ತದೆ. ತುಮಕೂರಿನಿಂದ ಶಿವಮೊಗ್ಗಕ್ಕೆ ಹೆದ್ದಾರಿ ನಾಲ್ಕು ಪಥವಾಗುವಾಗ ಕಡೂರು, ಬೀರೂರು, ತರೀಕೆರೆ ದಾರಿಯ ಸಾಲುಮರಗಳು ಹೋದವು. ರಸ್ತೆ ಬೇಕಿತ್ತು, ಆಯಿತು. ಭದ್ರಾ ಮೇಲ್ದಂಡೆ ಯೋಜನೆಯ ನೀರಿನ ಆಸೆಯಲ್ಲಿ ಈಗ ಬದುವಿನ ಮರ ತೆಗೆದು ಅಡಿಕೆ ಸಾಲು ಹಾಕುವ ಆತುರ ಕಾಣುತ್ತಿದೆ. ಲಿಂಗದಹಳ್ಳಿ, ಸಂತವೇರಿಯ ಕಡೆ ತೋಟಗಳಲ್ಲಿ ಹಲಸು, ಅತ್ತಿ, ಬಸರಿ, ಗೋಣಿಯ ಜಾಗಕ್ಕೆ ಸಿಲ್ವರ್ ಓಕ್ ಬರುತ್ತಿದೆ. ತೊಗಟೆ ಸುಲಿದುಕೊಳ್ಳುವ ನೀಲಗಿರಿಯ ಮೇಲಂತೂ ಯಾವ ಬೇರೂ ನಿಲ್ಲದು. ಹೊಸ ಸಸಿ ನೆಟ್ಟೆವಲ್ಲ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಮರಕ್ಕೆ ಮರ ಸಿಕ್ಕೀತು, ನೂರು ವರ್ಷದ ತೊಗಟೆಗೆ ತೊಗಟೆ ಎಲ್ಲಿಂದ ತರುವುದು?

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟು. ಯಾವುದಕ್ಕೂ ದುಡ್ಡು ಬೇಕಿಲ್ಲ.

ತೋಟದ ಯಜಮಾನರೇ, ಮರಗಸಿಗೆ ಆಳು ಹತ್ತಿಸುವಾಗ ‘ಬಂದಣಿಕೆ ತೆಗೆಯಿರಿ, ಸೀತಾಳೆ ಬಿಡಿ’ ಎಂದು ಬಾಯಿಬಿಟ್ಟು ಹೇಳಿ. ಮರ ಚೊಕ್ಕಟವಾಗಿ ಕಾಣಲೆಂದು ದಪ್ಪ ಕೊಂಬೆಗಳನ್ನು ಕೆರೆಸಬೇಡಿ. ತೋಟಕ್ಕೆ ನಾಲ್ಕಾದರೂ ಹಳೆಯ ನಾಟಿ ಮರ ಉಳಿಯಲಿ. ಒಣಗಿ ಮುರಿಯುವ ಹಾಗಿರುವ ಕೊಂಬೆಯ ಮೇಲೆ ಭಾರದ ಗೊಂಚಲು ಇದ್ದರೆ ತೆಗೆಯಬೇಕಾದೀತು, ಅದನ್ನು ನಾನು ಒಪ್ಪುತ್ತೇನೆ. ತೆಗೆದದ್ದನ್ನು ಗೊಬ್ಬರದ ಗುಂಡಿಗೆ ಹಾಕಿಸಬೇಡಿ.

ಮರ ಹತ್ತುವ ಅಣ್ಣಂದಿರೇ, ಬೇರು ಒಳಗಿದೆಯೋ ಹೊರಗಿದೆಯೋ ಎಂಬುದು ಕೆಳಗೆ ನಿಂತವರಿಗಿಂತ ನಿಮಗೇ ಚೆನ್ನಾಗಿ ಗೊತ್ತು. ನಮ್ಮಂಥವರು ಕೆಳಗಿನಿಂದ ಕೂಗಿದರೂ ಇನ್ನೊಂದು ಸಲ ಕೇಳಿ. ಕೊಂಬೆ ಕಡಿಯಲೇಬೇಕಾದರೆ, ಗಿಡವಿರುವ ತುಂಡನ್ನು ಮೊಳದಷ್ಟು ಉದ್ದಕ್ಕೆ ಕಡಿದು ಪಕ್ಕದ ಮರದ ಕವಲಿನಲ್ಲಿಡಿ. ಎರಡು ನಿಮಿಷದ ಕೆಲಸ.

ರೈತ ಬಂಧುಗಳೇ, ಗಾಳಿಗೆ ಬಿದ್ದ, ಕಡಿದ ಮರದಲ್ಲಿ ಸಿಕ್ಕ ಗಿಡವನ್ನು ಉಳಿಸುವುದು ಸುಲಭ. ಮೃಗಶಿರ ಮಳೆಯ ಹೊತ್ತಿಗೆ, ಬೇರು ಹರಿಯದ ಹಾಗೆ ತೊಗಟೆಯ ಚೂರಿನ ಸಮೇತ ಬಿಡಿಸಿ, ಮಾವು, ಹಲಸು, ಹುಣಸೆಯಂಥ ಒರಟು ತೊಗಟೆಗೆ ಆನಿಸಿ ಕಟ್ಟಿ. ಬಾಳೆಪಟ್ಟೆ, ತೆಂಗಿನ ನಾರಿನ ಹುರಿ ಸಾಕು. ಬೇರು ಕಚ್ಚುವ ಹೊತ್ತಿಗೆ ಅದು ತಾನೇ ಕರಗುತ್ತದೆ. ಕಬ್ಬಿಣದ ತಂತಿ ಬೇಡ. ಮೊದಲು ಎಷ್ಟು ಬಿಸಿಲಿನಲ್ಲಿತ್ತೋ ಅಷ್ಟೇ ಬಿಸಿಲು ಸಿಗಲಿ. ಮಣ್ಣು, ಸಗಣಿ ಮೆತ್ತಬೇಡಿ. ಚಿಕ್ಕಂದಿನಲ್ಲಿ ನಾನು ಒಂದು ಸೀತಾಳೆಯನ್ನು ಹಿತ್ತಿಲಿನ ಕುಂಡದಲ್ಲಿ ಸಗಣಿಗೊಬ್ಬರ ಹಾಕಿ ನೆಟ್ಟಿದ್ದೆ. ಹದಿನೈದು ದಿನದಲ್ಲಿ ಬೇರು ಕೊಳೆತುಹೋಯಿತು. ಗಾಳಿ ಉಣ್ಣುವ ಬೇರಿಗೆ ಮಣ್ಣೇ ಸಮಾಧಿ.

ದನ ಮೇಯಿಸುವವರೇ, ಹೊಸ ಹುಲ್ಲು ಬರಲಿ ಎಂದು ಗುಡ್ಡಕ್ಕೆ ಬೆಂಕಿ ಇಡಬೇಡಿ. ಮರದ ಮೇಲಿನದು ಒಂದು ವೇಳೆ ಉಳಿದೀತು, ಹಾಸುಗಲ್ಲಿನ ಮೇಲಿನ ಪೋರ್ಪ್ಯಾಕ್ಸ್‌ನ ಪುಟ್ಟ ಗುಂಡಿಗಳು ಓಡಿಹೋಗಲಾರವು.

ಗಿರಿಗೆ ಹೋಗುವ ಹುಡುಗ ಹುಡುಗಿಯರೇ, ಹೂವಿನ ಫೋಟೋ ತೆಗೆಯಿರಿ, ಗಿಡ ಬಿಡಿ. ದಾರಿಯಲ್ಲಿ ಯಾರಾದರೂ ಕಾಡಿನ ಸೀತಾಳೆ ಮಾರಿದರೆ ಕೊಳ್ಳಬೇಡಿ. ಮನೆಗೆ ಬೇಕೆನಿಸಿದರೆ ನರ್ಸರಿಯಲ್ಲಿ ಬೆಳೆಸಿದ ಗಿಡ ಬೇಕಾದಷ್ಟು ಸಿಗುತ್ತವೆ. ಭದ್ರಾ ಹುಲಿ ಮೀಸಲಿನ ಒಳಗಿನಿಂದ, ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧ ಎಂಬುದೂ ನೆನಪಿರಲಿ.

ಪಂಚಾಯ್ತಿಯ ಸದಸ್ಯರೇ, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವರಾಶಿಯ ದಾಖಲೆ ಪುಸ್ತಕವೂ ಇರಬೇಕು. ಆ ಪುಸ್ತಕದಲ್ಲಿ ಒಂದು ಪುಟವನ್ನು ನಿಮ್ಮ ಕೆರೆ ಏರಿಯ, ಗುಡಿಯ ಮುಂದಿನ ಹಳೆಯ ಮರಗಳಿಗೂ ಅವುಗಳ ಮೇಲಿನ ಬಿಡಾರದವರಿಗೂ ಮೀಸಲಿಡಿ. ಬರೆಯುವ ಕೆಲಸವನ್ನು ಶಾಲೆಯ ಮಕ್ಕಳಿಗೆ ಕೊಡಿ, ಹೇಳಿಕೊಡುವ ಕೆಲಸವನ್ನು ಮರ ಹತ್ತುವವರಿಗೆ ಕೊಡಿ. ಮರ ಕಡಿಯಲು ಒಪ್ಪಿಗೆ ಕೇಳಿ ಅರ್ಜಿ ಬಂದಾಗ ಒಮ್ಮೆ ತಲೆಯೆತ್ತಿ ಮೇಲೆ ನೋಡಿ ಎಂದಷ್ಟೇ ನನ್ನ ಪ್ರಾರ್ಥನೆ. ಅಂದು ನಾನು ಮಾಡದೆ ಹೋದ ಕೆಲಸ ಅದೊಂದೇ.

ಕೊನೆಗೆ ಒಂದು ಮಾತು. ಎರಡು ವರ್ಷದ ಹಿಂದೆ ಜೂನ್‌ನಲ್ಲಿ ಕೆರೆ ಏರಿಯ ಮೇಲೆ ಬರುತ್ತಿದ್ದೆ. ಹುಣಸೆಮರದ ಕವಲಿನಲ್ಲಿ ಕಂದು ಚೌಕುಳಿಯ ಹೂ ಕಂಡಿತು. ಬುಡದಲ್ಲಿ ತೆಂಗಿನ ಹುರಿಯ ತುಂಡೊಂದು ಇನ್ನೂ ಅಂಟಿಕೊಂಡಿತ್ತು. ಯಾರೋ ಕಟ್ಟಿದ್ದು. ಊರಿನಲ್ಲಿ ವಿಚಾರಿಸಿದಾಗ ತಿಳಿಯಿತು, ನಮ್ಮ ಮಾವಿನಮರ ಹತ್ತಿದವರೇ ಅಂದು ಸಂಜೆ ಒಂದು ಮಂಕರಿಯನ್ನು ಆ ಕಡೆ ಹೊತ್ತುಕೊಂಡು ಹೋಗಿದ್ದರಂತೆ. ಮಂಕರಿ ತುಂಬ ಗಿಡದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಮೂರೇ ಮೂರು. ಅವರ ಮನೆಗೆ ಹೋಗಿ ಹೇಳಿದೆ. ನಕ್ಕು, ‘ಬೇರು ಒಳಗಿಲ್ಲ ಅಂತ ಅವತ್ತೇ ಹೇಳಿದ್ನಲ್ಲ ಮೇಷ್ಟ್ರೇ’ ಎಂದರು.

ಈ ಪತ್ರದಲ್ಲಿ ನಾನು ಬರೆದದ್ದೆಲ್ಲ ಆ ಒಂದು ಮಾತಿನ ವಿಸ್ತಾರ. ಹೆಚ್ಚು ಹೇಳಿದ್ದರೆ ಮನ್ನಿಸಿ, ಹೇಳಿದ್ದರಲ್ಲಿ ಒಂದನ್ನಾದರೂ ಈ ಮಳೆಗಾಲದಲ್ಲಿ ನಡೆಸಿಕೊಡಿ.

ಇತಿ ನಮಸ್ಕಾರಗಳೊಂದಿಗೆ,
ನಿಮ್ಮ ವಿಶ್ವಾಸಿ,
ಅಜ್ಜಂಪುರ ಸೀಮೆಯ ಒಬ್ಬ ನಿವೃತ್ತ ಶಾಲಾ ಮೇಷ್ಟ್ರು